ಗೆದ್ದಾರು ಅಂದಿದ್ದರೆ ಸಾಕಿತ್ತು

2016ರ ನವೆಂಬರ್ 8, ಮಂಗಳವಾರ. ಸಂಜೆ ಆರೂವರೆ ಹೊತ್ತಿಗೆ, ಡೆಟ್ರಾಯ್ಟ್ ಹತ್ತಿರದ ನಮ್ಮೂರಿನ ಒಂದು ಶಾಲೆಯ ಮುಂದೆ ಕಾರು ನಿಲ್ಲಿಸಿದೆ. ನಾನು ಸಿಟಿಜನ್ ಆಗಿ ಒಂದು ವರ್ಷ ಆಗಿತ್ತು. ಅಧ್ಯಕ್ಷರ ಚುನಾವಣೆಯಲ್ಲಿ ಅದು ನನ್ನ ಮೊದಲನೇ ವೋಟು. ಕ್ಯೂ ಬಾಗಿಲು ದಾಟಿ ಪಾರ್ಕಿಂಗ್ ಲಾಟ್‌ವರೆಗೂ ಬಂದಿತ್ತು. ಹಿಂದಿನ ಸೀಟಿನಲ್ಲಿ ಹತ್ತು ವರ್ಷದ ಮಗಳು ಹಸಿವು ಅಂತ ಗೊಣಗುತ್ತಿದ್ದಳು. ಫೋನ್ ತೆಗೆದು ನೋಡಿದೆ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಫಿಂಗ್ಟನ್ ಪೋಸ್ಟ್‌ನ ಲೆಕ್ಕಾಚಾರ ಹಾಕಿದ್ದರು: ಹಿಲರಿ ಕ್ಲಿಂಟನ್ ಗೆಲ್ಲುವ ಸಾಧ್ಯತೆ ಶೇಕಡಾ 98. ಅದರ ಕೆಳಗೆ ಇನ್ನೊಬ್ಬರು, "ಒಬಾಮಾನ ಗೆಲ್ಲಿಸಿದವರೇ ಹೇಳ್ತಿದ್ದಾರೆ, ಇನ್ನೇನು, ಮುಗೀತು ಕಥೆ" ಅಂತ ಬರೆದಿದ್ದರು.

ಮುಗಿದ ಕಥೆಗೆ ಒಂದು ಗಂಟೆ ಯಾಕೆ ನಿಲ್ಲೋದು? ಕಾರು ತಿರುಗಿಸಿಕೊಂಡು ಮನೆಗೆ ಹೋದೆ.

ಮಿಷಿಗನ್‌ನಲ್ಲಿ ಕೊನೆಗೆ ಉಳಿದ ಅಂತರ 10,704 ವೋಟು. ಗೆದ್ದದ್ದು ಡೊನಾಲ್ಡ್ ಟ್ರಂಪ್. ನನ್ನ ಒಂದು ವೋಟಿನಿಂದ ಏನೂ ಬದಲಾಗುತ್ತಿರಲಿಲ್ಲ, ಗೊತ್ತು. ಯಾರಿಗೆ ಹಾಕುತ್ತಿದ್ದೆ ಅನ್ನೋದೂ ಇಲ್ಲಿ ಮುಖ್ಯ ಅಲ್ಲ. ಮರುದಿನ ಬೆಳಿಗ್ಗೆ ಮಗಳು, "ಅಮ್ಮಾ, ನಿನ್ನೆ ಯಾಕೆ ವಾಪಸ್ ಬಂದ್ವಿ?" ಅಂತ ಕೇಳಿದಳು. "ನಿನಗೆ ಹಸಿವಾಗಿತ್ತಲ್ಲ" ಅಂದೆ. ತಪ್ಪನ್ನು ಮಗುವಿನ ತಲೆಗೆ ಕಟ್ಟಿದೆ. ಇವತ್ತಿಗೂ ಚುಚ್ಚುವುದು ಅದು.

ಕಳೆದ ಸಂಚಿಕೆಯಲ್ಲಿ ಚುನಾವಣಾ ತಂತ್ರಗಾರರ ಭವಿಷ್ಯವಾಣಿಗಳ ಬಗ್ಗೆ ಮಾತು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದ್ದೆ. ಉಳಿದರ್ಧ ಇಲ್ಲಿದೆ. ತಂತ್ರಗಾರರು ತಪ್ಪು ಹೇಳುತ್ತಾರೆ ಅನ್ನೋದು ಹೊಸ ಮಾತಲ್ಲ, ಎಲ್ಲರೂ ತಪ್ಪು ಹೇಳುತ್ತೇವೆ. ನನ್ನ ತಕರಾರು ಬೇರೆ. ಅವರು ಗೆಲುವಿನ ಬಗ್ಗೆ ಆಡುವ ಮಾತು ಕ್ಯಾಂಪೇನ್‌ನ ಕೆಲಸದ ಒಂದು ಭಾಗ. ಅದನ್ನು ನಾವು ತಿಳಿದವರ ಮಾತು ಅಂತ ತೆಗೆದುಕೊಳ್ಳುತ್ತೇವೆ. ಸೋತ ಮೇಲೆ ಅವರು ಬರೆಯುವ ತಪ್ಪೊಪ್ಪಿಗೆಯಲ್ಲೂ ಅದೇ ಖಚಿತ ಧಾಟಿ ಇರುತ್ತದೆ, ಅದನ್ನೂ ನಾವು ನಂಬುತ್ತೇವೆ.

ಒಬ್ಬ ತಂತ್ರಗಾರ, ಎರಡು ಲೇಖನ

ಜೇಮ್ಸ್ ಕಾರ್ವಿಲ್ ಅವರ ಹೆಸರು ನೀವು ಕೇಳಿರಬಹುದು. ಲೂಯಿಸಿಯಾನಾದವರು. 1992ರಲ್ಲಿ ಬಿಲ್ ಕ್ಲಿಂಟನ್ ಅವರನ್ನು ಗೆಲ್ಲಿಸಿದ ತಂಡದ ಮುಖ್ಯ ತಲೆ. ಆ ಕ್ಯಾಂಪೇನ್ ಮೇಲೆ 1993ರಲ್ಲಿ ಬಂದ 'ದಿ ವಾರ್ ರೂಮ್' ಸಾಕ್ಷ್ಯಚಿತ್ರದ ನಾಯಕ ಅಂದರೆ ಇವರೇ. ಲಿಟಲ್ ರಾಕ್‌ನ ಕಚೇರಿ ಗೋಡೆಗೆ ಅವರು ಹಚ್ಚಿಸಿದ್ದ ಸಾಲು ಇಂಗ್ಲಿಷಿನಲ್ಲಿ ಗಾದೆಯೇ ಆಗಿಹೋಗಿದೆ. ಕನ್ನಡದಲ್ಲಿ ಹೇಳೋದಾದ್ರೆ, 'ವಿಷಯ ಎಕಾನಮಿ ಕಣೋ, ದಡ್ಡ'.

ಈ ಕಾರ್ವಿಲ್, ಎಂಬತ್ತು ತುಂಬುವ ಎರಡು ದಿನ ಮೊದಲು, 2024ರ ಅಕ್ಟೋಬರ್ 23ರಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ಲೇಖನ ಬರೆದರು. ಕಮಲಾ ಹ್ಯಾರಿಸ್ ಗೆಲ್ಲುವುದು ಖಚಿತ ಅನ್ನುವುದಕ್ಕೆ ಮೂರು ಕಾರಣ ಕೊಡುವ ಲೇಖನ. ಪತ್ರಿಕೆಗಳಲ್ಲಿ ತಲೆಬರಹ ಕೊಡೋರು ಎಷ್ಟೋ ಸಲ ಸಂಪಾದಕರು, ಆದ್ದರಿಂದ ತಲೆಬರಹ ಹಿಡಿದುಕೊಂಡು ಬಯ್ಯೋದು ನ್ಯಾಯ ಅಲ್ಲ. ಆದರೆ ಒಳಗಿನ ಬರಹದಲ್ಲೂ ಅದೇ ಧಾಟಿ. ಅದೇ ದಿನಗಳಲ್ಲಿ ಸಮೀಕ್ಷೆಗಳನ್ನು ಕೂಡಿಸಿ ಲೆಕ್ಕ ಹಾಕುವವರು ಹೆಚ್ಚುಕಡಿಮೆ ಸಮಸಮ ಅನ್ನುತ್ತಿದ್ದರು.

ಅವರ ಮೂರು ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಟ್ರಂಪ್ ಮತ್ತೆ ಮತ್ತೆ ಸೋಲುವ ಮನುಷ್ಯ, ಈ ಸಲವೂ ಅಷ್ಟೇ. ಈ ಮಾತು ನಿಲ್ಲಬೇಕಾದರೆ ಲೆಕ್ಕವನ್ನು 2016ರ ನಂತರ ಶುರುಮಾಡಬೇಕು. ಅವರು ಸ್ವತಃ ಗೆದ್ದ ಚುನಾವಣೆಯನ್ನು ಹೊರಗಿಡಬೇಕು, ಅವರ ಹೆಸರೇ ಬ್ಯಾಲಟ್ ಮೇಲೆ ಇಲ್ಲದ ಮಧ್ಯಂತರ ಚುನಾವಣೆಗಳನ್ನು ಒಳಗೆ ಸೇರಿಸಿಕೊಳ್ಳಬೇಕು. ಟ್ರಂಪ್ ಅಧ್ಯಕ್ಷಗಿರಿಗೆ ಅಂತಿಮ ಕಣದಲ್ಲಿ ನಿಂತದ್ದು ಅಲ್ಲಿಯವರೆಗೆ ಎರಡೇ ಸಲ. ಒಂದು ಗೆದ್ದರು, ಒಂದು ಸೋತರು. ಇದರಿಂದ ನಿಯಮ ತೆಗೆಯೋದು ಹೇಗೆ?

ಎರಡನೆಯದು ದುಡ್ಡು. ಹ್ಯಾರಿಸ್ ಹತ್ತಿರ ರಾಶಿ ದುಡ್ಡಿದೆ. ನಿಜ, ನೂರು ಕೋಟಿ ಡಾಲರಿಗಿಂತ ಹೆಚ್ಚು ಸಂಗ್ರಹ ಆಗಿತ್ತು. ಆದರೆ 2016ರಲ್ಲೂ ಹಿಲರಿ ಕ್ಲಿಂಟನ್ ಅವರ ಕಡೆ ಟ್ರಂಪ್ ಕಡೆಗಿಂತ ಸುಮಾರು ಎರಡು ಪಟ್ಟು ದುಡ್ಡು ಇತ್ತು. ಅದು ಕಾರ್ವಿಲ್‌ಗೆ ಗೊತ್ತಿಲ್ಲದ್ದೇನಲ್ಲ.

ಮೂರನೆಯದು, ಬರೀ ಒಂದು ಅನಿಸಿಕೆ. ಹೌದು, ಮೂರನೇ ಕಾರಣ ಅಂತ ಅವರು ಕೊಟ್ಟಿರೋದೇ ಅದು. ಇದನ್ನು ಓದಿದಾಗ ನನಗೆ ಕೋಪ ಬರಲಿಲ್ಲ, ಒಂಥರಾ ಗೌರವ ಬಂತು. ಮೂರರಲ್ಲಿ ಪ್ರಾಮಾಣಿಕವಾದದ್ದು ಅದೊಂದೇ. ಅದನ್ನೇ ಮೊದಲು ಇಟ್ಟು, 'ನನಗೆ ಹೀಗೆ ಅನ್ನಿಸುತ್ತಿದೆ, ನಾನು ಇವರ ಪಕ್ಷದವನು' ಅಂತ ಬರೆದಿದ್ದರೆ ತಕರಾರೇ ಇರುತ್ತಿರಲಿಲ್ಲ.

ಮೂರೂ ಕಾರಣಗಳನ್ನು ಮತ್ತೊಮ್ಮೆ ಓದಿ ನೋಡಿ. ಮುಂದಿನ ಎರಡು ವಾರದಲ್ಲಿ ಏನು ಕಂಡರೆ 'ಓ, ನನ್ನ ಅಂದಾಜು ತಪ್ಪು' ಅಂತ ಅವರು ಒಪ್ಪಬೇಕಾಗುತ್ತದೆ? ಅಂಥದ್ದು ಒಂದೂ ಇಲ್ಲ. ಯಾವ ರಾಜ್ಯದ ಹೆಸರೂ ಇಲ್ಲಿ ಲೆಕ್ಕಕ್ಕೆ ಬರೋದಿಲ್ಲ. ಫಲಿತಾಂಶದ ದಿನದವರೆಗೆ ಯಾವ ಸುದ್ದಿಯೂ ತಟ್ಟದ ಹಾಗೆ ಕಟ್ಟಿದ ಖಚಿತತೆ ಇದು.

ಫಲಿತಾಂಶ ಬಂತು. ಟ್ರಂಪ್ 312 ಎಲೆಕ್ಟೋರಲ್ ವೋಟು, ಹ್ಯಾರಿಸ್ 226. ಏಳಕ್ಕೆ ಏಳೂ ಸ್ವಿಂಗ್ ಸ್ಟೇಟ್‌ಗಳು ಟ್ರಂಪ್ ಪಾಲಾದವು.

2025ರ ಜನವರಿ 2ರಂದು ಅದೇ ಪತ್ರಿಕೆಯಲ್ಲಿ ಕಾರ್ವಿಲ್ ಇನ್ನೊಂದು ಲೇಖನ ಬರೆದರು. ನಾನು ತಪ್ಪು ಹೇಳಿದ್ದೆ, ಯಾಕೆ ಅಂತ ಹೇಳ್ತೀನಿ ಕೇಳಿ, ಅನ್ನುವ ಲೇಖನ. ಸೋತ ಮೇಲೆ ಬಾಯಿ ಮುಚ್ಚಿಕೊಳ್ಳುವವರೇ ಜಾಸ್ತಿ ಇರುವಾಗ ಇದಕ್ಕೆ ಧೈರ್ಯ ಬೇಕು, ಅದನ್ನು ಒಪ್ಪಲೇಬೇಕು. ಆದರೆ ಅದರಲ್ಲಿ ಕೊಟ್ಟ ಕಾರಣ ಏನು? ಸೋತದ್ದಕ್ಕೆ ಒಂದೇ ಒಂದು ಸರಳ ಕಾರಣ, ಎಕಾನಮಿ. ಹಿಂದೆಯೂ ಅದೇ, ಈಗಲೂ ಅದೇ, ಮುಂದೆಯೂ ಅದೇ. ಮೂವತ್ತೆರಡು ವರ್ಷ ಹಿಂದೆ ಗೋಡೆಗೆ ಹಚ್ಚಿದ್ದ ಅದೇ ಸಾಲು.

ಎರಡೂ ಲೇಖನಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ ನನಗೆ ಕಂಡದ್ದು ಇದು. ಜನವರಿಯಲ್ಲಿ 'ಒಂದೇ ಕಾರಣ' ಆದ ಎಕಾನಮಿ, ಅಕ್ಟೋಬರ್‌ನ ಮೂರು ಕಾರಣಗಳಲ್ಲಿ ಒಂದಾಗಿಯೂ ಇರಲಿಲ್ಲ! ಬೆಲೆ ಏರಿಕೆ ಆ ಎರಡು ತಿಂಗಳಲ್ಲಿ ಹುಟ್ಟಿದ್ದಲ್ಲ. ಮೊಟ್ಟೆ, ಬಾಡಿಗೆ, ಕಾರ್ ಇನ್ಶೂರೆನ್ಸ್ ಬಗ್ಗೆ ನಮ್ಮ ಮನೆಗಳಲ್ಲೇ ಎರಡು ಮೂರು ವರ್ಷದಿಂದ ಮಾತು ನಡೆದಿತ್ತು. ಇಡೀ ದೇಶಕ್ಕೆ 'ಎಕಾನಮಿ ನೋಡ್ರಪ್ಪಾ' ಅಂತ ಹೇಳಿಕೊಟ್ಟವರೇ ಅದನ್ನು ಬಿಟ್ಟು ಬರೆದದ್ದು ಹೇಗೆ? ಎರಡನೇ ಲೇಖನ ಉತ್ತರಿಸಬೇಕಾಗಿದ್ದ ಪ್ರಶ್ನೆ ಇದೇ. ಅದನ್ನು ಅದು ಕೇಳಿಕೊಳ್ಳುವುದೇ ಇಲ್ಲ. ಪಕ್ಷ ಯಾಕೆ ಸೋತಿತು ಅಂತ ಹೇಳುತ್ತದೆ. ನಾನು ಯಾಕೆ ಕಾಣಲಿಲ್ಲ ಅಂತ ಹೇಳುವುದಿಲ್ಲ. ಕ್ಷಮೆ ಕೇಳುವ ಲೇಖನ ಎರಡನೇ ಪ್ಯಾರಾದ ಹೊತ್ತಿಗೆ ಹೊಸ ಸಲಹೆಯ ಲೇಖನ ಆಗಿಬಿಡುತ್ತದೆ.

ಇನ್ನೊಂದು ಕಡೆಯವರು

ಇದು ಡೆಮಾಕ್ರಾಟರ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. 2012ರಲ್ಲಿ ಒಬಾಮಾ ವಿರುದ್ಧ ಮಿಟ್ ರಾಮ್ನಿ ನಿಂತಾಗ, ಡಿಕ್ ಮಾರಿಸ್ ಅನ್ನುವ ತಂತ್ರಗಾರ ರಾಮ್ನಿಗೆ 325 ಎಲೆಕ್ಟೋರಲ್ ವೋಟು ಬರುತ್ತದೆ ಅಂದರು. ಬಂದದ್ದು 206. ಒಬಾಮಾಗೆ 332. ಜಾರ್ಜ್ ಬುಶ್ ಅವರ ತಂತ್ರಗಾರರಾಗಿದ್ದ ಕಾರ್ಲ್ ರೋವ್ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ರಾಮ್ನಿಗೆ ಕಡೇಪಕ್ಷ 279 ಅಂತ ಬರೆದರು. ಫಲಿತಾಂಶದ ರಾತ್ರಿ ಫಾಕ್ಸ್ ನ್ಯೂಸ್ ತಾನೇ ಒಹಾಯೋ ಒಬಾಮಾಗೆ ಅಂತ ಘೋಷಿಸಿದ ಮೇಲೂ, ಅದೇ ಚಾನೆಲ್‌ನಲ್ಲಿ ಕೂತಿದ್ದ ರೋವ್ ಒಪ್ಪಲಿಲ್ಲ. ಕೊನೆಗೆ ನಿರೂಪಕಿ ಮೆಗಿನ್ ಕೆಲ್ಲಿ, ಕ್ಯಾಮೆರಾ ಹಿಂದೆ ಬರುತ್ತಿರುವಾಗಲೇ, ಲೆಕ್ಕ ಹಾಕುವವರ ಕೋಣೆಯವರೆಗೆ ನಡೆದು ಹೋಗಿ ಅವರನ್ನೇ ಕೇಳಬೇಕಾಯಿತು. ಆ ದೃಶ್ಯ ನೋಡಿ ತುಂಬ ಜನ ನಕ್ಕರು. ಆದರೆ ಒಂದು ವಿಷಯ ಯೋಚಿಸಿ. ರೋವ್ ಕಟ್ಟಿದ್ದ ಸಂಸ್ಥೆಗಳು ಆ ವರ್ಷ ದೊಡ್ಡ ದೊಡ್ಡ ದಾನಿಗಳಿಂದ ಕೋಟಿಗಟ್ಟಲೆ ಡಾಲರ್ ಎತ್ತಿದ್ದವು. ಆ ದಾನಿಗಳೂ ಟೀವಿ ನೋಡುತ್ತಿದ್ದರು.

ಇನ್ನು ರಾಮ್ನಿ. ಚುನಾವಣೆಯ ದಿನ ಅವರು ಪತ್ರಕರ್ತರಿಗೆ, ತಾನು ಗೆಲುವಿನ ಭಾಷಣ ಮಾತ್ರ ಬರೆದಿಟ್ಟಿದ್ದೇನೆ ಅಂದಿದ್ದರು. ಸೋಲಿನದು ಬರೆದೇ ಇರಲಿಲ್ಲ. ಊರಿಗೆಲ್ಲ ಹಂಚಲು ಮಾಡಿದ ಧೈರ್ಯವನ್ನು ಮನೆಯವರೇ ಉಂಡಿದ್ದರು.

ಇವರೆಲ್ಲರಲ್ಲಿ ಅತ್ಯಂತ ನಿಜವಾದ ಮಾತು ಆಡಿದ್ದು, ವಿಚಿತ್ರ ಅಂದರೆ, ಅತ್ಯಂತ ದೊಡ್ಡ ತಪ್ಪು ಮಾಡಿದ ಡಿಕ್ ಮಾರಿಸ್. ಮೊದಲು ಅವರು, ಯಾರು ವೋಟು ಹಾಕಲು ಬರುತ್ತಾರೆ ಅನ್ನುವ ಅಂದಾಜು ತಪ್ಪಿತು ಅಂದರು. ಸ್ವಲ್ಪ ದಿನ ಬಿಟ್ಟು ಫಾಕ್ಸ್‌ನಲ್ಲೇ ಇನ್ನೊಂದು ಮಾತು ಹೇಳಿದರು. ರಾಮ್ನಿ ಕ್ಯಾಂಪೇನ್ ಕುಸಿಯುತ್ತಿತ್ತು, ಯಾರಿಗೂ ಭರವಸೆ ಉಳಿದಿರಲಿಲ್ಲ, ಆಗ ಹಾಗೆ ಹೇಳುವುದು ನನ್ನ ಕರ್ತವ್ಯ ಅನ್ನಿಸಿತು, ಅನ್ನುವ ಅರ್ಥದ ಮಾತು. ಕೇಳಿದಿರಾ? ಅವರ ಕರ್ತವ್ಯ ಇದ್ದದ್ದು ಕುಸಿಯುತ್ತಿದ್ದ ಕ್ಯಾಂಪೇನ್‌ಗೆ, ನೋಡುಗರಿಗೆ ಅಲ್ಲ. ನೋಡುಗರು ಮಾತ್ರ ಅದನ್ನು ಭವಿಷ್ಯ ಅಂತ ನಂಬಿ ಕೂತಿದ್ದರು.

ಒಳಗೊಂದು ಲೆಕ್ಕ, ಹೊರಗೊಂದು

ಈಗ ನನ್ನ ವಾಟ್ಸಾಪ್ ಗುಂಪಿನವರು ಹೇಳಿದ 'ಒಬಾಮಾನ ಗೆಲ್ಲಿಸಿದವರ' ವಿಷಯಕ್ಕೆ ಬರೋಣ. ಡೇವಿಡ್ ಪ್ಲೌಫ್ 2008ರ ಒಬಾಮಾ ಕ್ಯಾಂಪೇನ್‌ನ ಮ್ಯಾನೇಜರ್. ಗಾಬರಿ ಬೀಳುವ ಸ್ವಪಕ್ಷದವರಿಗೆ ಅವರು ಇಟ್ಟ ಹೆಸರು, ಹಾಸಿಗೆ ಒದ್ದೆ ಮಾಡಿಕೊಳ್ಳುವವರು. 2016ರಲ್ಲಿ ಹಿಲರಿ ಗೆಲುವು ನೂರಕ್ಕೆ ನೂರು ಅಂದರು. ಮತದಾನಕ್ಕೆ ಹನ್ನೊಂದು ದಿನ ಇರುವಾಗ ಎಫ್‌ಬಿಐ ನಿರ್ದೇಶಕ ಕೋಮಿ ಅವರ ಪತ್ರ ಹೊರಬಿದ್ದಾಗಲೂ, ಏನೂ ಬದಲಾಗಿಲ್ಲ, ಹೆದರಬೇಡಿ ಅಂದರು. ಸೋತ ಮೇಲೆ ಜೀವನದಲ್ಲಿ ಇಷ್ಟು ತಪ್ಪು ಯಾವತ್ತೂ ಮಾಡಿರಲಿಲ್ಲ ಅಂತ ಒಪ್ಪಿಕೊಂಡರು. ನವೆಂಬರ್ 11ರಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಎಲ್ಲಿ ತಪ್ಪಿದೆ ಅಂತ ಲೇಖನವನ್ನೂ ಬರೆದರು.

ಆಮೇಲೆ 2024. ಪ್ಲೌಫ್ ಹ್ಯಾರಿಸ್ ಅವರ ಹಿರಿಯ ಸಲಹೆಗಾರ. ಮತದಾನದ ಹಿಂದಿನ ವಾರ, ಕೊನೇ ಗಳಿಗೆಯಲ್ಲಿ ಮನಸ್ಸು ಮಾಡುವ ಮತದಾರರು ದೊಡ್ಡ ಅಂತರದಲ್ಲಿ ನಮ್ಮ ಕಡೆ ಬರುತ್ತಿದ್ದಾರೆ ಅನ್ನುವ ಅರ್ಥದಲ್ಲಿ ಬರೆದರು. ಚುನಾವಣೆ ಮುಗಿದು ಮೂರು ವಾರಕ್ಕೆ ಒಂದು ಪಾಡ್‌ಕಾಸ್ಟ್‌ನಲ್ಲಿ ಕೂತು, ಕ್ಯಾಂಪೇನ್‌ನ ಒಳಗಿನ ಸಮೀಕ್ಷೆಗಳಲ್ಲಿ ಹ್ಯಾರಿಸ್ ಯಾವತ್ತೂ ಮುಂದೆ ಇರಲಿಲ್ಲ ಅಂದರು. ಎರಡೂ ಮಾತು ಒಟ್ಟಿಗೆ ನಿಜ ಇರಬಹುದು. ಹಿಂದೆ ಇದ್ದವರಿಗೂ ಕೊನೆಯಲ್ಲಿ ವೋಟು ಬರುತ್ತಿರಬಹುದು. ಆದರೆ ಎರಡರಲ್ಲಿ ಯಾವುದನ್ನು ಮತದಾನಕ್ಕೆ ಮೊದಲು ಹೇಳಿದರು, ಯಾವುದನ್ನು ಆಮೇಲೆ ಹೇಳಿದರು, ನೋಡಿ.

ಅವರನ್ನು ಸುಳ್ಳುಗಾರ ಅನ್ನಲು ನಾನು ತಯಾರಿಲ್ಲ. ಕ್ಯಾಂಪೇನ್ ಅಂದರೆ ನೂರಾರು ಊರುಗಳಲ್ಲಿ ಬಾಗಿಲು ತಟ್ಟುವ, ಫೋನ್ ಮಾಡುವ ಸ್ವಯಂಸೇವಕರು, ಇಪ್ಪತ್ತೈದು ಡಾಲರ್ ಕಳಿಸುವ ಅಜ್ಜಿಯರು. ಅವರ ಎದುರು ನಿಂತು ಸೋಲಬಹುದು ಅಂದರೆ ಕೆಲಸ ನಿಲ್ಲುತ್ತದೆ. ತಂತ್ರಗಾರ ಧೈರ್ಯ ತುಂಬಲೇಬೇಕು. ತೊಂದರೆ ಇರೋದು, ಆ ಧೈರ್ಯದ ಮಾತನ್ನೇ ಟೀವಿ ಮತ್ತು ಪತ್ರಿಕೆಗಳು 'ತಜ್ಞರ ಅಭಿಪ್ರಾಯ' ಅಂತ ಲೇಬಲ್ ಹಚ್ಚಿ ನಮಗೆ ಬಡಿಸುವಾಗ.

ಅದರ ಪರಿಣಾಮ ಬರೀ ಬೇಜಾರಲ್ಲ. ಶಾನ್ ವೆಸ್ಟ್‌ವುಡ್, ಸಾಲಮನ್ ಮೆಸಿಂಗ್, ಯಫ್ತಾ ಲೆಲ್ಕೆಸ್ ಅನ್ನುವ ಮೂವರು ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಇಷ್ಟು ವೋಟು ಬರುತ್ತದೆ ಅನ್ನುವುದರ ಬದಲು ಗೆಲ್ಲುವ ಸಾಧ್ಯತೆ ಇಷ್ಟು ಪರ್ಸೆಂಟ್ ಅಂತ ಹೇಳಿದರೆ, ಜನ ಫಲಿತಾಂಶದ ಬಗ್ಗೆ ಅಗತ್ಯಕ್ಕಿಂತ ಖಚಿತರಾಗುತ್ತಾರೆ. ಅವರ ಪ್ರಯೋಗದಲ್ಲಿ, ಸಾಧ್ಯತೆ ಒಂದು ಕಡೆ ಜಾಸ್ತಿ ವಾಲಿದಷ್ಟೂ ಜನ ವೋಟು ಹಾಕುವುದು ಕಮ್ಮಿ ಆಯಿತು. ಓದಿದಾಗ ಆ ಪಾರ್ಕಿಂಗ್ ಲಾಟ್ ಕಣ್ಣ ಮುಂದೆ ಬಂತು. ನಾನು ಮಾತ್ರ ಮೋಸಹೋಗಿರಲಿಲ್ಲ. ಕ್ಲಿಂಟನ್ ಅವರೇ 2016ರ ಅಂತಿಮ ಹೋರಾಟದಲ್ಲಿ ವಿಸ್ಕಾನ್ಸಿನ್‌ಗೆ ಒಂದು ಸಲವೂ ಹೋಗಲಿಲ್ಲ. ಅಲ್ಲಿ ಸೋತದ್ದು 22,748 ವೋಟಿನಿಂದ.

ಸರಿಯಾಗಿ ಹೇಳಿದವರೂ ಇದ್ದಾರಲ್ಲ?

ನೀವು ಕೇಳಬಹುದಾದ ಪ್ರಶ್ನೆ. ಹೌದು, ಇದ್ದಾರೆ. 1936ರಲ್ಲಿ ರೂಸ್‌ವೆಲ್ಟ್ ಅವರ ಕ್ಯಾಂಪೇನ್ ಮ್ಯಾನೇಜರ್ ಜೇಮ್ಸ್ ಫಾರ್ಲಿ, ಮೇನ್ ಮತ್ತು ವರ್ಮಾಂಟ್ ಬಿಟ್ಟು ಎಲ್ಲ ರಾಜ್ಯ ನಮ್ಮದೇ ಅಂದರು. ಆಗ ಇದ್ದ 48 ರಾಜ್ಯಗಳಲ್ಲಿ 46 ಬಂದವು. ಬಿಟ್ಟುಹೋದದ್ದು ಅವರು ಹೇಳಿದ ಎರಡೇ! ಅದೇ ವರ್ಷ ಲಿಟರರಿ ಡೈಜೆಸ್ಟ್ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಜನರ ಉತ್ತರ ಎಣಿಸಿ, ಗೆಲ್ಲುವುದು ಎದುರಾಳಿ ಲ್ಯಾಂಡನ್ ಅಂದಿತ್ತು. ಫಾರ್ಲಿ ಊರೂರಿನ ಕಾರ್ಯಕರ್ತರಿಂದ ವರದಿ ತರಿಸಿಕೊಂಡು ಓದುತ್ತಿದ್ದವರು. ಅವರ ಮಾತಿನ ಹಿಂದೆ ಕಾಗದದ ರಾಶಿ ಇತ್ತು.

ಆದರೆ ಒಂದು ಸಲ ಸರಿ ಹೇಳಿದ್ದು ಮುಂದಿನ ಸಲಕ್ಕೆ ಲೈಸೆನ್ಸ್ ಅಲ್ಲ. 1992ರಲ್ಲಿ ಸರಿ ಇದ್ದ ಕಾರ್ವಿಲ್, ಒಬಾಮಾ ಗೆದ್ದ ಮೇಲೆ 2009ರಲ್ಲಿ, ಇನ್ನು 40 ವರ್ಷ ಡೆಮಾಕ್ರಾಟರದ್ದೇ ಆಡಳಿತ ಅನ್ನುವ ಪುಸ್ತಕ ತಂದರು. ಮರುವರ್ಷವೇ ರಿಪಬ್ಲಿಕನ್ನರು ಹೌಸ್‌ನಲ್ಲಿ 63 ಸೀಟು ಹೆಚ್ಚಿಸಿಕೊಂಡು ಬಹುಮತ ಪಡೆದರು. ಮನಶ್ಶಾಸ್ತ್ರಜ್ಞ ಫಿಲಿಪ್ ಟೆಟ್ಲಾಕ್ 284 ರಾಜಕೀಯ ತಜ್ಞರ 80,000ಕ್ಕೂ ಹೆಚ್ಚು ಅಂದಾಜುಗಳನ್ನು ವರ್ಷಗಟ್ಟಲೆ ಕೂಡಿಟ್ಟು, 2005ರ ಪುಸ್ತಕದಲ್ಲಿ ಲೆಕ್ಕ ಒಪ್ಪಿಸಿದರು. ಹೆಚ್ಚು ಹೆಸರು ಮಾಡಿದ ತಜ್ಞರು ಹೆಸರಿಲ್ಲದವರಿಗಿಂತ ಕಮ್ಮಿ ಸರಿ ಇದ್ದರು. ಯಾಕೆ ಅಂತ ಊಹಿಸೋದು ಕಷ್ಟ ಅಲ್ಲ. 'ಹೀಗೂ ಆಗಬಹುದು, ಹಾಗೂ ಆಗಬಹುದು' ಅನ್ನುವವರನ್ನು ಟೀವಿಯವರು ಎರಡನೇ ಸಲ ಕರೆಯೋದಿಲ್ಲ.

ಹಾಗಾಗಿ ಇನ್ನು ಮುಂದೆ ಯಾರಾದರೂ ಖಚಿತ ಅಂದಾಗ ಮೂರು ವಿಷಯ ನೋಡಿ. ಇವರಿಗೆ ಸಂಬಳ ಅಥವಾ ಹೆಸರು ಯಾವ ಕಡೆಯಿಂದ ಬರುತ್ತದೆ? ಏನಾದರೆ ತಮ್ಮ ಮಾತು ತಪ್ಪು ಅಂತ ಒಪ್ಪುತ್ತಾರೆ, ಅದನ್ನು ಮೊದಲೇ ಹೇಳಿದ್ದಾರಾ? ಹಿಂದಿನ ಸಲ ತಪ್ಪಿದಾಗ 'ಯಾಕೆ ಸೋತೆವು' ಅಂತ ಬರೆದರಾ, 'ನನಗೆ ಯಾಕೆ ಕಾಣಲಿಲ್ಲ' ಅಂತ ಬರೆದರಾ?

ಒಂದು ದೀರ್ಘ

2016ರ ಅಕ್ಟೋಬರ್‌ನಲ್ಲಿ ಊರಿಂದ ಅಪ್ಪ ಫೋನ್ ಮಾಡಿದ್ದರು. "ಏನಮ್ಮಾ, ಅಲ್ಲಿ ಯಾರು ಗೆಲ್ತಾರಂತೆ?"

"ಹಿಲರೀನೇ ಗೆಲ್ಲೋದು ಅಪ್ಪ," ಅಂದೆ.

ಅಪ್ಪ ಕೇಳಿದ್ದು 'ಗೆಲ್ತಾರಂತೆ'. ಆ ಕೊನೆಯ 'ಅಂತೆ' ಇದೆಯಲ್ಲ, ಕನ್ನಡ ಕಲಿಯುತ್ತಿರುವವರು ಅದನ್ನು ಗಮನಿಸಿ. ಇದು ನಾನು ಕಂಡದ್ದಲ್ಲ, ಯಾರೋ ಹೇಳಿದ್ದು, ಅನ್ನುವ ಗುರುತು ಅದು. ಅಪ್ಪ ಅದನ್ನು ಇಟ್ಟೇ ಕೇಳಿದ್ದರು. ನಾನು ಅದನ್ನು ಕಿತ್ತು ಬಿಸಾಕಿ ಉತ್ತರ ಕೊಟ್ಟೆ. ಕಾರ್ವಿಲ್ ಪತ್ರಿಕೆಯಲ್ಲಿ ಮಾಡಿದ್ದನ್ನೇ ನಾನು ಫೋನಿನಲ್ಲಿ ಮಾಡಿದ್ದೆ.

2024ಕ್ಕೆ ಮಗಳಿಗೆ ಹದಿನೆಂಟು. ಮಿಷಿಗನ್‌ನಲ್ಲಿ ಈಗ ಮೊದಲೇ ಹೋಗಿ ವೋಟು ಹಾಕುವ ವ್ಯವಸ್ಥೆ ಇದೆ. ಒಂದು ಶನಿವಾರ ಇಬ್ಬರೂ ಹೊರಟೆವು. ದಾರಿಯಲ್ಲಿ ಕೇಳಿದಳು, "ಅಮ್ಮಾ, ಯಾರು ವಿನ್ ಆಗ್ತಾರೆ?"

"ಇವರೂ ಗೆದ್ದಾರು, ಅವರೂ ಗೆದ್ದಾರು."

"ಅದು ಪಾಸ್ಟ್ ಟೆನ್ಸ್ ಅಲ್ವಾ? ಇನ್ನೂ ಎಲೆಕ್ಷನ್ನೇ ಆಗಿಲ್ಲ."

"ಅದು ಗೆದ್ದರು. ಇದು ಗೆದ್ದಾರು. ಒಂದು ದೀರ್ಘ ಜಾಸ್ತಿ. ಗೆಲ್ಲಬಹುದು ಅಂತ ಅರ್ಥ. ಮಳೆ ಬಂದೀತು, ಛತ್ರಿ ತಗೋ, ಅಂತ ಅಜ್ಜಿ ಹೇಳ್ತಾರಲ್ಲ, ಅದೇ ಥರ."

ಸ್ವಲ್ಪ ಹೊತ್ತು 'ಗೆದ್ದಾರು, ಸೋತಾರು, ಬಂದಾರು' ಅಂತ ಬಾಯಲ್ಲೇ ಹೇಳಿಕೊಂಡಳು. ಶಾಲೆಯ ವ್ಯಾಕರಣದಲ್ಲಿ ಇದಕ್ಕೆ ಸಂಭಾವನಾರ್ಥಕ ರೂಪ ಅಂತ ದೊಡ್ಡ ಹೆಸರಿದೆ. ನಮ್ಮ ಮಾತಿನಲ್ಲಿ ಈಗೀಗ ಕಮ್ಮಿ ಆಗುತ್ತಿದೆ. ಎಲ್ಲರೂ 'ಗೆಲ್ತಾರೆ' ಅಂದುಬಿಡುತ್ತೇವೆ. ಅಜ್ಜಿ 'ಬಂದೀತು' ಅಂದದ್ದು ಗೊತ್ತಿಲ್ಲ ಅಂತ ಕೈ ಚೆಲ್ಲೋಕೆ ಅಲ್ಲ, ಛತ್ರಿ ತಗೋಳಲಿ ಅಂತ. ಬರುತ್ತೋ ಇಲ್ಲವೋ ಗೊತ್ತಿಲ್ಲದಾಗಲೇ ಛತ್ರಿ ಬೇಕಾಗೋದು.

ಕ್ಯೂ ಆವತ್ತೂ ಉದ್ದ ಇತ್ತು. ನಿಂತುಕೊಂಡೇ 2016ರ ಸಂಜೆಯ ನಿಜ ಹೇಳಿದೆ. ವಾಪಸ್ ಬಂದದ್ದು ಅವಳ ಹಸಿವಿಗೆ ಅಲ್ಲ ಅಂತ. ಅವಳು, "ಗೊತ್ತಿತ್ತು, ಮನೆಗೆ ಹೋಗಿ ನೀನು ಅಡುಗೆ ಶುರುಮಾಡಿದ್ದೇ ಎಂಟು ಗಂಟೆಗೆ" ಅಂದಳು. ಅಷ್ಟೊತ್ತಿಗೆ ನಮ್ಮ ಸರದಿ ಬಂತು.